ಬೆನ್ನುಹುರಿಗೆ ಪೆಟ್ಟಾದ ಮೇಲೆ ದಾಂಪತ್ಯ: ಮಾತ್ರೆಗಿಂತ ಮೊದಲು ಆ ತಲೆನೋವನ್ನು ವಿಚಾರಿಸಿ

ಪ್ರಶ್ನೆ: ನನ್ನ ಗಂಡನಿಗೆ 31 ವರ್ಷ, ನನಗೆ 28. ಒಂದೂವರೆ ವರ್ಷದ ಹಿಂದೆ ಎತ್ತರದಿಂದ ಬಿದ್ದು ಅವರ ಬೆನ್ನುಹುರಿಗೆ ಪೆಟ್ಟಾಯಿತು. ರಿಪೋರ್ಟಿನಲ್ಲಿ ‘ಟಿ-5, ಎ’ ಎಂದು ಬರೆದಿದೆ. ಎದೆಯಿಂದ ಕೆಳಗೆ ಮುಟ್ಟಿದರೆ ತಿಳಿಯುವುದಿಲ್ಲ. ದಿನಕ್ಕೆ ಐದು ಸಲ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುತ್ತೇವೆ. ಕ್ಯಾಥೆಟರ್ ಹಾಕುವಾಗ ಅವರಿಗೆ ನಿಮಿರುತ್ತದೆ. ಆದರೆ ನಾವಿಬ್ಬರೂ ಬಯಸಿದಾಗ ಆಗುವುದಿಲ್ಲ, ಒಮ್ಮೊಮ್ಮೆ ನಿಮಿರಿದರೂ ಒಂದೆರಡು ನಿಮಿಷದಲ್ಲಿ ಇಳಿದುಹೋಗುತ್ತದೆ. ಎರಡು ಸಲ ಪ್ರಯತ್ನಿಸಿದಾಗ ವಿಪರೀತ ತಲೆನೋವು ಬಂದು, ಮುಖವೆಲ್ಲ ಕೆಂಪಾಗಿ ಬೆವರಿದರು. ಹೆದರಿ ಅಲ್ಲಿಗೇ ಬಿಟ್ಟೆವು. ಪರಿಚಿತರೊಬ್ಬರು ಒಂದು ಮಾತ್ರೆಯ ಹೆಸರು ಹೇಳಿದ್ದಾರೆ, ತೆಗೆದುಕೊಳ್ಳಬಹುದೇ? ನಮಗೆ ಮಗು ಆಗುತ್ತದೆಯೇ? ಇದನ್ನೆಲ್ಲ ಯಾವ ಡಾಕ್ಟರ ಹತ್ತಿರ ಕೇಳಬೇಕೆಂದೇ ಗೊತ್ತಾಗುತ್ತಿಲ್ಲ.

ಉತ್ತರ: ಮಾತ್ರೆ ಸಾಧ್ಯ, ಮಗುವೂ ಸಾಧ್ಯ. ಆದರೆ ನೀವು ಪ್ರಶ್ನೆಯಾಗಿ ಕೇಳದೆ ನಡುವೆ ಹೇಳಿ ಮುಂದೆ ಹೋದ ತಲೆನೋವಿನ ಸಂಗತಿಯೇ ಇಲ್ಲಿ ಎಲ್ಲಕ್ಕಿಂತ ತುರ್ತಿನದು. ಅದನ್ನು ಬಿಡಿಸಿಕೊಳ್ಳದೆ ಉಳಿದ ಎರಡಕ್ಕೆ ಕೈಹಾಕಬೇಡಿ.

ಆ ತಲೆನೋವು ಆಯಾಸದ್ದಲ್ಲ, ಹೆದರಿಕೆಯದ್ದೂ ಅಲ್ಲ. ನೀವು ವಿವರಿಸಿದ ಲಕ್ಷಣಗಳೆಲ್ಲ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಸ್ಥಿತಿಯವು. ಬೆನ್ನುಹುರಿಯ ಮಟ್ಟಗಳನ್ನು ಮೇಲಿನಿಂದ ಕೆಳಗೆ ಎಣಿಸುತ್ತಾರೆ: ಟಿ ಎಂದರೆ ಎದೆಯ ಮಟ್ಟ, ಅದರ ಕೆಳಗೆ ಎಲ್ ಸೊಂಟದ್ದು, ಎಸ್ ಕೆಳತುದಿಯದು. ಟಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದು ಬರುತ್ತದೆ, ನಿಮ್ಮವರದು ಟಿ-5. ಪೆಟ್ಟಾದ ಜಾಗಕ್ಕಿಂತ ಕೆಳಗೆ ಏನಾದರೂ ಬಲವಾದ ಪ್ರಚೋದನೆಯಾದರೆ, ಅಂದರೆ ಮೂತ್ರಕೋಶ ತುಂಬಿದರೆ, ಮಲ ಕಟ್ಟಿದರೆ, ಜನನಾಂಗವನ್ನು ಉಜ್ಜಿದರೆ, ವೀರ್ಯ ಹೊರಬಂದರೆ, ಕೆಳಗಿನ ನರಗಳು ತಮ್ಮಷ್ಟಕ್ಕೆ ತಾವೇ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಹೊಟ್ಟೆ ಮತ್ತು ಕಾಲುಗಳ ನಾಳಗಳು ಬಿಗಿದುಕೊಂಡಾಗ ಬಿ.ಪಿ. ಸರ್ರನೆ ಏರುತ್ತದೆ. ‘ಸಾಕು, ಸಡಿಲಿಸು’ ಎಂದು ಮೆದುಳು ಕಳಿಸುವ ಆಜ್ಞೆ ಪೆಟ್ಟಾದ ಜಾಗ ದಾಟಿ ಕೆಳಗಿಳಿಯುವುದಿಲ್ಲ. ಹಾಗಾಗಿ ಮೆದುಳಿನ ಕೈಗೆ ಸಿಗುವ ಮೇಲಿನ ಭಾಗದಲ್ಲಷ್ಟೇ ನಾಳಗಳು ಹಿಗ್ಗಿ ಮುಖ ಕೆಂಪಾಗುತ್ತದೆ, ಬೆವರು ಕಿತ್ತುಬರುತ್ತದೆ, ಮೂಗು ಕಟ್ಟುತ್ತದೆ, ನಾಡಿ ನಿಧಾನವಾಗುತ್ತದೆ, ತಲೆ ಸಿಡಿಯುತ್ತದೆ. ಹಾಗೇ ಬಿಟ್ಟರೆ ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಹೆದರಿ ನಿಲ್ಲಿಸಿದ್ದು ಸರಿಯಾದ ಕೆಲಸ.

ಇಲ್ಲೊಂದು ಮೋಸವಿದೆ. ಇಂಥ ಪೆಟ್ಟಾದವರ ಮಾಮೂಲಿ ಬಿ.ಪಿ.ಯೇ ಕಡಿಮೆ. ಕುಳಿತಾಗ 90/60 ಇರುವುದು ಅಪರೂಪವಲ್ಲ. ಅವರವರ ಮಾಮೂಲಿ ಮಟ್ಟಕ್ಕಿಂತ ಮೇಲಿನ ಅಂಕಿ 20ರಿಂದ 40ರಷ್ಟು ಏರಿದರೂ ಅದು ಡಿಸ್‌ರಿಫ್ಲೆಕ್ಸಿಯಾ ಆಗಿರಬಹುದು. ಅಂದರೆ ತಲೆನೋವಿನ ಹೊತ್ತಿನಲ್ಲಿ 130/85 ಬಂದರೆ, ವಿಷಯ ಗೊತ್ತಿಲ್ಲದವರು ‘ನಾರ್ಮಲ್ ಇದೆ’ ಎಂದು ಮನೆಗೆ ಕಳಿಸುತ್ತಾರೆ. ಆದ್ದರಿಂದ ತೋಳಿಗೆ ಕಟ್ಟುವ ಡಿಜಿಟಲ್ ಬಿ.ಪಿ. ಯಂತ್ರ ಮನೆಯಲ್ಲಿರಲಿ. ಒಂದು ವಾರ ಬೆಳಿಗ್ಗೆ, ಸಂಜೆ, ಮಲಗಿದಾಗ ಮತ್ತು ಕುಳಿತಾಗ ಅಳೆದು ಬರೆದಿಡಿ. ಆ ಚೀಟಿ ಅವರ ಪರ್ಸಿನಲ್ಲಿರಲಿ.

ಮತ್ತೆ ಹೀಗಾದರೆ ಮಾಡುತ್ತಿರುವುದನ್ನು ತಕ್ಷಣ ನಿಲ್ಲಿಸಿ. ಅವರನ್ನು ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಮಲಗಿಸಬಾರದು, ಮಲಗಿದರೆ ಬಿ.ಪಿ. ಇನ್ನೂ ಏರುತ್ತದೆ. ಹೊಟ್ಟೆಪಟ್ಟಿ, ಬೆಲ್ಟು, ಕಾಲುಚೀಲ, ಮೂತ್ರದ ಚೀಲದ ಪಟ್ಟಿ, ಶಿಶ್ನದ ಬುಡಕ್ಕೆ ಹಾಕಿದ ಉಂಗುರ, ಕಾಂಡೋಮ್, ಬಿಗಿಯಾಗಿರುವುದನ್ನೆಲ್ಲ ತೆಗೆಯಿರಿ. ನಂತರ ಕ್ಯಾಥೆಟರಿಗೆ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಹಚ್ಚಿ ಮೂತ್ರ ಖಾಲಿ ಮಾಡಿ. ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿ.ಪಿ. ನೋಡುತ್ತಿರಿ. ಮೂತ್ರ ತೆಗೆದರೂ ಇಳಿಯದಿದ್ದರೆ ಮಲ ಕಟ್ಟಿದೆಯೇ ನೋಡಬೇಕು, ಆದರೆ ಗುದಕ್ಕೂ ಅದೇ ಜೆಲ್ಲಿ ಹಾಕಿ ಕೆಲ ನಿಮಿಷ ಕಾದ ಮೇಲೆಯೇ. ಹಾಗೇ ಬೆರಳು ಹಾಕಿದರೆ ಅದೇ ಹೊಸ ಪ್ರಚೋದನೆಯಾಗಿ ಬಿ.ಪಿ. ಮತ್ತೆ ಜಿಗಿಯುತ್ತದೆ. ಮೇಲಿನ ಅಂಕಿ 150 ದಾಟಿದರೆ, ಅಥವಾ ಇಷ್ಟೆಲ್ಲ ಮಾಡಿದರೂ ತಲೆನೋವು ಇಳಿಯದಿದ್ದರೆ, ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಕೆಲವರಲ್ಲಿ ಬಿ.ಪಿ. ಏರಿದರೂ ತಲೆನೋವೇ ಬರುವುದಿಲ್ಲ. ಹಾಗಾಗಿ ಮೊದಲ ಕೆಲವು ಸಲವಾದರೂ ಯಂತ್ರ ತೋಳಿನಲ್ಲೇ ಇರಲಿ. ರಸಭಂಗವೇ, ಒಪ್ಪುತ್ತೇನೆ. ಆದರೆ ಬಿ.ಪಿ. ಎಲ್ಲಿಯವರೆಗೆ ಹೋಗುತ್ತದೆಂದು ಒಮ್ಮೆ ಗೊತ್ತಾದರೆ ಇಬ್ಬರ ಹೆದರಿಕೆಯೂ ಅರ್ಧ ಇಳಿಯುತ್ತದೆ.

ಎಷ್ಟೋ ಸಲ ಇದಕ್ಕೆ ಕಾರಣ ಸಂಭೋಗವಲ್ಲ, ತುಂಬಿದ ಮೂತ್ರಕೋಶ. ಕೂಡುವುದಕ್ಕೆ ಎರಡು ಮೂರು ಗಂಟೆ ಮೊದಲಿನಿಂದ ನೀರು ಕಡಿಮೆ ಕುಡಿದು, ಸ್ವಲ್ಪ ಮುಂಚೆ ಕ್ಯಾಥೆಟರ್ ಹಾಕಿ ಪೂರ್ತಿ ಖಾಲಿ ಮಾಡಿಕೊಂಡರೆ, ಮಲವಿಸರ್ಜನೆಯನ್ನು ಅದೇ ದಿನ ಮೊದಲೇ ಮುಗಿಸಿಕೊಂಡರೆ, ಬಹಳಷ್ಟು ಜನರಲ್ಲಿ ತಲೆನೋವು ಮರುಕಳಿಸುವುದಿಲ್ಲ. ಆದರೂ ಬಂದರೆ, ಮುಂಚಿತವಾಗಿ ತೆಗೆದುಕೊಳ್ಳುವ ಬಿ.ಪಿ. ಇಳಿಸುವ ಔಷಧವನ್ನು ವೈದ್ಯರು ಬರೆದುಕೊಡಬಹುದು. ಇದನ್ನು ಮಾತ್ರ ನೀವಾಗಿಯೇ ಮಾಡಬೇಡಿ. ಮೊದಲೇ ಕಡಿಮೆ ಬಿ.ಪಿ.ಯವರಿಗೆ ಅಳತೆ ತಪ್ಪಿದರೆ ಕುಸಿದುಬೀಳುತ್ತಾರೆ.

ಕ್ಯಾಥೆಟರ್ ಹಾಕುವಾಗ ನಿಮಿರುವುದು ಯಾಕೆ?

ಇದನ್ನು ನೋಡಿ ‘ನನ್ನ ಮೇಲೆ ಆಸೆಯಿಲ್ಲ’ ಎಂದು ಹೆಂಡತಿಯೂ, ‘ನನ್ನ ದೇಹ ನನ್ನ ಮಾತು ಕೇಳುತ್ತಿಲ್ಲ’ ಎಂದು ಗಂಡನೂ ಒಳಗೊಳಗೇ ಕೊರಗುವುದುಂಟು. ಎರಡಕ್ಕೂ ಆಧಾರವಿಲ್ಲ.

ನಿಮಿರುವಿಕೆಗೆ ಬೆನ್ನುಹುರಿಯಲ್ಲಿ ಎರಡು ದಾರಿಗಳಿವೆ. ಒಂದು, ಮನಸ್ಸಿನಲ್ಲಿ ಆಸೆ ಮೂಡಿ, ನೋಟದಿಂದ, ನೆನಪಿನಿಂದ ಬರುವುದು. ಇದು ಮೆದುಳಿನಿಂದ ಇಳಿದು ಟಿ-11ರಿಂದ ಎಲ್-2ರ ನಡುವಿನ ಭಾಗದಿಂದ ಹೊರಡುತ್ತದೆ. ಇನ್ನೊಂದು, ನೇರ ಸ್ಪರ್ಶದಿಂದ ಬರುವುದು. ಇದು ಬೆನ್ನುಹುರಿಯ ತೀರಾ ಕೆಳತುದಿಯ ಎಸ್-2ರಿಂದ ಎಸ್-4ರವರೆಗಿನ ಭಾಗದಲ್ಲೇ ಸುತ್ತಿ ಮುಗಿಯುತ್ತದೆ, ಮೆದುಳಿನ ಅಪ್ಪಣೆ ಬೇಕಿಲ್ಲ. ನಿಮ್ಮವರ ಪೆಟ್ಟು ಎರಡಕ್ಕೂ ಮೇಲಿದೆ. ರಿಪೋರ್ಟಿನ ‘ಎ’ ಎಂದರೆ ಪೂರ್ಣ ಪೆಟ್ಟು, ತೀರಾ ಕೆಳಗಿನ ಗುದದ್ವಾರದ ಸುತ್ತ ಕೂಡ ಸ್ಪರ್ಶವಾಗಲಿ ಚಲನೆಯಾಗಲಿ ಉಳಿದಿಲ್ಲ ಎಂದು. ಆದ್ದರಿಂದ ಮನಸ್ಸಿನ ಆಸೆ ಕೆಳಗೆ ತಲುಪುವುದಿಲ್ಲ, ಆದರೆ ಸ್ಪರ್ಶದ ಸುತ್ತು ಅಖಂಡವಾಗಿದೆ. ಕ್ಯಾಥೆಟರ್ ಆ ಸುತ್ತನ್ನು ತಟ್ಟಿ ಎಬ್ಬಿಸುತ್ತದೆ. ನೇರವಾಗಿ, ಒಂದೇ ಸಮನೆ, ಸ್ವಲ್ಪ ಒತ್ತಿ ಮುಟ್ಟಿದರೆ ನಿಮ್ಮ ಕೈಯೂ ಎಬ್ಬಿಸುತ್ತದೆ. ಮುಟ್ಟುವುದು ನಿಂತರೆ ನಿಮಿರುವಿಕೆ ಇಳಿಯುವುದೂ ಇದೇ ಕಾರಣಕ್ಕೆ. ಮೇಲಿನಿಂದ ಎತ್ತಿಹಿಡಿಯುವ ಸಂದೇಶ ಇಲ್ಲ. ಹಾಗಾಗಿ ಸಂಭೋಗದ ನಡುವೆಯೂ ಕೈಯ ಸ್ಪರ್ಶ ತಪ್ಪದಂತೆ ನೋಡಿಕೊಳ್ಳಿ.

ಪೆಟ್ಟು ಬೆನ್ನುಹುರಿಯ ಕೆಳತುದಿಗೇ ಆದವರಲ್ಲಿ ಲೆಕ್ಕ ತಿರುವುಮುರುವು. ಸ್ಪರ್ಶದ ಸುತ್ತು ಮುರಿದಿರುತ್ತದೆ, ಮನಸ್ಸಿನ ದಾರಿಯಲ್ಲಿ ಸ್ವಲ್ಪ ಉಳಿದಿರಬಹುದು. ಅಪೂರ್ಣ ಪೆಟ್ಟಾದವರಲ್ಲಿ ಎರಡೂ ಬೆರೆತು ಇರುತ್ತವೆ. ಹೀಗಾಗಿ ಒಬ್ಬರಿಗೆ ಫಲ ಕೊಟ್ಟದ್ದು ಇನ್ನೊಬ್ಬರಿಗೆ ಕೊಡದಿದ್ದರೆ ಆಶ್ಚರ್ಯವಿಲ್ಲ. ವೈದ್ಯರು ಸೂಜಿಮೊನೆ ಮತ್ತು ಹತ್ತಿಯಿಂದ ಹೊಟ್ಟೆಯ ಕೆಳಭಾಗ, ತೊಡೆಸಂದು, ಗುದದ ಸುತ್ತ ಸ್ಪರ್ಶ ನೋಡುತ್ತಾರೆ. ಶಿಶ್ನದ ತುದಿ ಒತ್ತಿದಾಗ ಗುದದ ಸ್ನಾಯು ಬಿಗಿಯುತ್ತದೆಯೇ ಎಂದು ಬೆರಳಿನಿಂದ ಪರೀಕ್ಷಿಸುತ್ತಾರೆ. ಹತ್ತು ನಿಮಿಷದ ಈ ಪರೀಕ್ಷೆ ಕೊಡುವಷ್ಟು ಮಾಹಿತಿಯನ್ನು ಯಾವ ಸ್ಕ್ಯಾನೂ ಕೊಡುವುದಿಲ್ಲ.

ಮಾತ್ರೆ

ಪರಿಚಿತರು ಹೇಳಿದ್ದು ಬಹುಶಃ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್. ಸ್ಪರ್ಶದ ಸುತ್ತು ಉಳಿದಿರುವ ನಿಮ್ಮವರಂಥವರಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ, ಕೆಳತುದಿ ಹಾಳಾದವರಲ್ಲಿ ಅಷ್ಟಿಲ್ಲ. ಮಾತ್ರೆ ತಾನಾಗಿ ಏನನ್ನೂ ಎಬ್ಬಿಸುವುದಿಲ್ಲ, ಎದ್ದದ್ದನ್ನು ಉಳಿಸುತ್ತದೆ. ನುಂಗಿ ಸುಮ್ಮನೆ ಕಾದು ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟವರು ಬಹಳ.

ಸಿಲ್ಡೆನಾಫಿಲ್ ಸಾಮಾನ್ಯವಾಗಿ 50 ಮಿ.ಗ್ರಾಂನಿಂದ ಶುರುವಾದರೂ, ಬಿ.ಪಿ. ಕಡಿಮೆ ಇರುವ ಇವರಿಗೆ 25ರಿಂದ ಶುರುಮಾಡುವುದು ಜಾಣತನ. ಸುಮಾರು ಒಂದು ಗಂಟೆ ಮೊದಲು, ಹೊಟ್ಟೆ ಹಗುರಾಗಿರುವಾಗ ತೆಗೆದುಕೊಳ್ಳಬೇಕು. ಜಿಡ್ಡಿನ ಊಟದ ಮೇಲೆ ತೆಗೆದುಕೊಂಡರೆ ಪರಿಣಾಮ ತಡವಾಗುತ್ತದೆ. ಅಗತ್ಯವಿದ್ದರೆ ವೈದ್ಯರು 50ಕ್ಕೆ, 100ಕ್ಕೆ ಏರಿಸುತ್ತಾರೆ. 100 ಮೀರುವಂತಿಲ್ಲ, 24 ಗಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಇಲ್ಲ. ಟಡಲಾಫಿಲ್ 10 ಅಥವಾ 20 ಮಿ.ಗ್ರಾಂ, ಪರಿಣಾಮ 36 ಗಂಟೆಯವರೆಗೂ ಇರುತ್ತದೆ. ಗಡಿಯಾರ ನೋಡಿಕೊಂಡು ಪ್ರೀತಿಸುವ ಗೋಜಿಲ್ಲ, ಆದರೆ ತಲೆಸುತ್ತು ಬಂದರೆ ಅದೂ ಅಷ್ಟೇ ಹೊತ್ತು ಇರಬಹುದು. ಮೊದಲ ಮಾತ್ರೆ ತೆಗೆದುಕೊಂಡ ದಿನ ಹಾಸಿಗೆಯಿಂದ ಗಾಲಿಕುರ್ಚಿಗೆ ಏಳುವಾಗ ಒಬ್ಬರು ಪಕ್ಕದಲ್ಲಿರಲಿ. ಒಂದು ಸಲ ಫಲ ಸಿಗದಿದ್ದರೆ ಕೈಬಿಡಬೇಡಿ, ಬೇರೆ ಬೇರೆ ದಿನ ನಾಲ್ಕಾರು ಸಲ ನೋಡಿದ ಮೇಲೆಯೇ ತೀರ್ಮಾನಿಸಿ.

ಈಗ ಅಪಾಯದ ಮಾತು. ಡಿಸ್‌ರಿಫ್ಲೆಕ್ಸಿಯಾ ಬಂದಾಗ ಆಸ್ಪತ್ರೆಯಲ್ಲಿ ಬಿ.ಪಿ. ಇಳಿಸಲು ಕೈಗೆ ಸಿಗುವ ಮೊದಲ ಔಷಧಗಳಲ್ಲೊಂದು ನೈಟ್ರೊಗ್ಲಿಸರಿನ್, ನಾಲಗೆಯಡಿಯ ಮಾತ್ರೆಯಾಗಿಯೋ ಚರ್ಮಕ್ಕೆ ಹಚ್ಚುವ ಮುಲಾಮಾಗಿಯೋ. ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆಯೊಳಗೆ, ಟಡಲಾಫಿಲ್ ತೆಗೆದುಕೊಂಡ 48 ಗಂಟೆಯೊಳಗೆ ಅದನ್ನು ಕೊಟ್ಟರೆ ಬಿ.ಪಿ. ಪ್ರಾಣಾಪಾಯದ ಮಟ್ಟಕ್ಕೆ ಇಳಿಯುತ್ತದೆ. ಸಂಕೋಚದಿಂದ ಗಂಡಂದಿರು ಮಾತ್ರೆಯ ವಿಷಯ ಹೇಳುವುದಿಲ್ಲ, ಸಂಕೋಚದಿಂದ ಡಾಕ್ಟರೂ ಕೇಳುವುದಿಲ್ಲ. ನೀವು ಹೇಳಿ: ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು. ಎದೆನೋವಿಗೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ಈ ಮಾತ್ರೆಗಳನ್ನು ಮುಟ್ಟಲೇಬಾರದು. ಮೂತ್ರ ಸರಾಗವಾಗಲೆಂದು ಟ್ಯಾಮ್ಸುಲೋಸಿನ್‌ನಂಥ ಔಷಧ ನಡೆಯುತ್ತಿದ್ದರೂ ವೈದ್ಯರಿಗೆ ತಿಳಿಸಿ, ಎರಡೂ ಸೇರಿ ಬಿ.ಪಿ. ಇಳಿಸುತ್ತವೆ. ‘ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂದು ಮಾರುವ ಪುಡಿ, ಗುಳಿಗೆಗಳಲ್ಲಿ ಇದೇ ಸಿಲ್ಡೆನಾಫಿಲ್ಲನ್ನು ಅಳತೆಯಿಲ್ಲದೆ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ, ಅವು ಬೇಡವೇ ಬೇಡ.

ಮಾತ್ರೆ ಇಲ್ಲದೆಯೂ ದಾರಿಯಿದೆ

ನಿಮ್ಮವರಿಗೆ ನಿಮಿರುತ್ತದೆ, ನಿಲ್ಲುವುದಿಲ್ಲ. ಅಂಥವರಿಗೆ ಕೆಲವೊಮ್ಮೆ ಬುಡಕ್ಕೆ ಹಾಕುವ ಹಿಗ್ಗುವ ಉಂಗುರವೊಂದೇ ಸಾಕು. ರಕ್ತ ಹಿಂದಿರುಗುವುದನ್ನು ಅದು ತಡೆಹಿಡಿಯುತ್ತದೆ. ನಿಮಿರುವಿಕೆಯೇ ಸಾಲದವರಿಗೆ ಗಾಳಿ ಹೀರುವ ಪಂಪ್ ಬಳಸಿ, ಆಮೇಲೆ ಅದೇ ಉಂಗುರ. ನಿಯಮ ಒಂದೇ, ಅದು ಕಠಿಣ: 30 ನಿಮಿಷಕ್ಕಿಂತ ಹೆಚ್ಚು ಉಂಗುರ ಇರಕೂಡದು. ಸ್ಪರ್ಶಜ್ಞಾನವಿದ್ದವರಿಗೆ ನೋವು ಎಚ್ಚರಿಸುತ್ತದೆ, ಇವರಿಗೆ ಎಚ್ಚರಿಸುವವರಿಲ್ಲ. ಉಂಗುರ ಹಾಕಿದ ಕ್ಷಣವೇ ಫೋನಿನಲ್ಲಿ 25 ನಿಮಿಷಕ್ಕೆ ಅಲಾರಂ ಇಡಿ. ಹಾಕಿಕೊಂಡೇ ನಿದ್ದೆ ಹೋಗಿ ಚರ್ಮ ಕೊಳೆಯುವ ಹಂತಕ್ಕೆ ಹೋದ ಉದಾಹರಣೆಗಳಿವೆ. ರಬ್ಬರ್ ಬ್ಯಾಂಡ್, ದಾರ, ಲೋಹದ ಉಂಗುರಗಳನ್ನು ಬಳಸಲೇಬೇಡಿ. ಎಳೆಯಲು ಹಿಡಿಗಳಿರುವ, ಬೇಗ ಬಿಚ್ಚಲು ಬರುವ ವೈದ್ಯಕೀಯ ಉಂಗುರವೇ ಆಗಬೇಕು. ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರಿಗೆ ಪಂಪ್‌ನಿಂದ ರಕ್ತ ಹೆಪ್ಪುಗಟ್ಟಿದ ಕಲೆಗಳಾಗುತ್ತವೆ, ಕೇಳಿಯೇ ಬಳಸಿ.

ಮಾತ್ರೆಗೆ ಒಲಿಯದವರಿಗೆ ಆಲ್ಪ್ರೊಸ್ಟಾಡಿಲ್ ಚುಚ್ಚುಮದ್ದು ಇದೆ. ಇನ್ಸುಲಿನ್ ಸೂಜಿಯಷ್ಟು ತೆಳುವಾದ ಸೂಜಿಯಿಂದ ಶಿಶ್ನದ ಪಕ್ಕಕ್ಕೆ ಕೊಡುತ್ತಾರೆ. ಮೇಲ್ಭಾಗದಲ್ಲಿ ನರ, ರಕ್ತನಾಳಗಳಿವೆ, ಕೆಳಭಾಗದಲ್ಲಿ ಮೂತ್ರನಾಳವಿದೆ, ಆ ಎರಡೂ ಕಡೆ ಚುಚ್ಚುವಂತಿಲ್ಲ. ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ. ಚುಚ್ಚಿದ ಮೇಲೆ ಕೆಲ ನಿಮಿಷ ಒತ್ತಿಹಿಡಿಯಬೇಕು. ಬೆನ್ನುಹುರಿ ಪೆಟ್ಟಿನವರು ಇದಕ್ಕೆ ವಿಪರೀತ ಸ್ಪಂದಿಸುವುದರಿಂದ 1.25 ಮೈಕ್ರೊಗ್ರಾಂನಷ್ಟು ಕಡಿಮೆಯಿಂದ, ಅದೂ ವೈದ್ಯರ ಮುಂದೆಯೇ ಶುರುವಾಗುತ್ತದೆ. ವಾರಕ್ಕೆ ಮೂರು ಸಲ ಮೀರಬಾರದು, ನಡುವೆ 24 ಗಂಟೆ ಬಿಡುವಿರಬೇಕು. ನಿಮಿರುವಿಕೆ 4 ಗಂಟೆಯಾದರೂ ಇಳಿಯದಿದ್ದರೆ ಅದು ತುರ್ತುಸ್ಥಿತಿ. ನೋವಿಲ್ಲವೆಂದು ಬೆಳಗಿನವರೆಗೆ ಕಾಯುತ್ತ ಕುಳಿತರೆ ಒಳಗಿನ ಅಂಗಾಂಶ ಸತ್ತು ಶಾಶ್ವತ ನಷ್ಟವಾಗುತ್ತದೆ. ಶಸ್ತ್ರಕ್ರಿಯೆ ಮಾಡಿ ಒಳಗೆ ಕೂರಿಸುವ ಸಾಧನಗಳು ಕೊನೆಯ ಆಯ್ಕೆ. ಸ್ಪರ್ಶವಿಲ್ಲದವರಲ್ಲಿ ಸೋಂಕು ತಗಲುವ, ಸಾಧನ ಚರ್ಮ ಕೊರೆದು ಹೊರಬರುವ ಅಪಾಯ ಹೆಚ್ಚು.

ಹಾಸಿಗೆಯ ಮೇಲೆ

ದಿನದಲ್ಲಿ ಅವರ ಸ್ನಾಯುಗಳ ಸೆಳೆತ ಕಡಿಮೆ ಇರುವ ಹೊತ್ತು ಯಾವುದೆಂದು ನಿಮಗೇ ಗೊತ್ತು, ಅದನ್ನೇ ಆರಿಸಿ. ಅವರು ಅಂಗಾತ ಮಲಗಿ, ಮಂಡಿಗಳ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಮಡಿಸಿದರೆ ಕಾಲು ಸೆಟೆದುಕೊಳ್ಳುವುದು ತಗ್ಗುತ್ತದೆ. ತಲೆಯ ಕಡೆ ಎತ್ತರಿಸಿದರೆ ಬಿ.ಪಿ.ಗೂ ಒಳ್ಳೆಯದು. ನೀವು ಮೇಲಿರುವ ಭಂಗಿ ಸುಲಭ, ಆದರೆ ಅವರ ತೊಡೆಸಂದಿನ ಮೇಲೆ ಪೂರ್ತಿ ಭಾರ ಬಿಡಬೇಡಿ. ಗಾಲಿಕುರ್ಚಿಯಲ್ಲೂ ಆಗುತ್ತದೆ: ಬ್ರೇಕು ಹಾಕಿ, ಕೈಹಿಡಿಗಳನ್ನು ತೆಗೆದು, ಕೂರುವ ಮೆತ್ತೆಯನ್ನು ಮಾತ್ರ ತೆಗೆಯದೆ. ಹಾಸಿಗೆಯ ಬಟ್ಟೆಯ ಮೇಲೆ ಚರ್ಮ ಎಳೆದಾಡಿದರೆ ಹಾಸಿಗೆಹುಣ್ಣಿಗೆ ಅದೇ ಆರಂಭ. ಮುಗಿದ ಮೇಲೆ ಬೆನ್ನಿನ ಕೆಳತುದಿ, ಪೃಷ್ಠದ ಮೂಳೆಗಳ ಜಾಗ, ಹಿಮ್ಮಡಿ, ಶಿಶ್ನದ ಚರ್ಮ, ಇಷ್ಟನ್ನೂ ಬೆಳಕಿನಲ್ಲಿ ನೋಡಿ. ಅರ್ಧ ಗಂಟೆಯಾದರೂ ಮಾಯದ ಕೆಂಪು ಇದ್ದರೆ ಅದು ಹೋಗುವವರೆಗೆ ಆ ಜಾಗದ ಮೇಲೆ ಭಾರ ಬೀಳಕೂಡದು. ಜಾರುಜೆಲ್ಲಿ ಧಾರಾಳವಾಗಿರಲಿ, ನೀರಿನ ಆಧಾರದ್ದು. ಎಣ್ಣೆ, ವ್ಯಾಸಲಿನ್ ಸೋಕಿದರೆ ಕಾಂಡೋಮ್ ಹರಿಯುತ್ತದೆ. ವರ್ಷಗಟ್ಟಲೆ ಕ್ಯಾಥೆಟರ್ ಬಳಸುವವರಲ್ಲಿ ಲೇಟೆಕ್ಸ್ ಅಲರ್ಜಿ ಬೆಳೆಯಬಹುದು. ತುರಿಕೆ, ದದ್ದು ಕಂಡರೆ ಲೇಟೆಕ್ಸ್ ಇಲ್ಲದ ಕಾಂಡೋಮ್‌ಗೆ ಬದಲಿಸಿ.

ಸದಾ ಕ್ಯಾಥೆಟರ್ ಇರುವವರು ಅದನ್ನು ತೆಗೆಯಲೇಬೇಕೆಂದಿಲ್ಲ. ಗಂಡಸರು ಸ್ವಲ್ಪ ಸಡಿಲ ಬಿಟ್ಟು ಶಿಶ್ನದ ಉದ್ದಕ್ಕೂ ಹಿಂದಕ್ಕೆ ಮಡಿಸಿ, ಮೇಲೆ ಕಾಂಡೋಮ್ ಹಾಕಿಕೊಳ್ಳಬಹುದು. ಹೆಂಗಸರು ಹೊಟ್ಟೆಯ ಮೇಲಕ್ಕೆ ತಿರುಗಿಸಿ ಟೇಪು ಹಚ್ಚಬಹುದು. ನಡುವೆ ಮೂತ್ರ ಸೋರಿತೆಂದು ಕುಗ್ಗಬೇಡಿ. ಕೆಳಗೊಂದು ಟವೆಲ್ ಹಾಸಿ, ಪಕ್ಕದಲ್ಲೊಂದು ಇಟ್ಟುಕೊಂಡರೆ ಅಲ್ಲಿಗೆ ಮುಗಿಯಿತು.

ಅವರಿಗೆ ಸುಖ ಸಿಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಎದೆಯ ಆ ಗೆರೆಯ ಮೇಲೆ, ಸ್ಪರ್ಶ ತಿಳಿಯುವ ಜಾಗ ಮುಗಿಯುವ ಅಂಚಿನಲ್ಲಿ, ಚರ್ಮ ಮೊದಲಿಗಿಂತ ಸೂಕ್ಷ್ಮವಾಗಿರುತ್ತದೆ. ಕೆಲವರಿಗೆ ಅಲ್ಲಿ ಮುಟ್ಟಿದರೆ ಹಿತ, ಕೆಲವರಿಗೆ ಉರಿ. ಕಿವಿ, ಕತ್ತು, ತುಟಿ, ಭುಜ, ಎಲ್ಲಿ ಏನು ತಿಳಿಯುತ್ತದೆಂದು ಒಂದು ದಿನ ಸಂಭೋಗದ ಗುರಿಯೇ ಇಲ್ಲದೆ ಸುಮ್ಮನೆ ಹುಡುಕಿ. ಬೆನ್ನುಹುರಿ ಪೆಟ್ಟಾದ ಗಂಡಸರು, ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಪರಾಕಾಷ್ಠೆ ಅನುಭವಿಸುವುದಾಗಿ ಹೇಳುತ್ತಾರೆ. ಕೆಳತುದಿಯ ನರಗಳೇ ಪೂರ್ತಿ ಹಾಳಾದವರಲ್ಲಿ ಮಾತ್ರ ಈ ಪ್ರಮಾಣ ತೀರಾ ಕಡಿಮೆ. ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ, ಅನುಭವವೂ ಬೇರೆ ಥರ.

ಇನ್ನೊಂದು ಸೂಕ್ಷ್ಮ. ದಿನಕ್ಕೆ ಐದು ಸಲ ಕ್ಯಾಥೆಟರ್ ಹಾಕುವ ಕೈಯೇ ರಾತ್ರಿ ಪ್ರೀತಿಯ ಕೈಯಾಗಬೇಕೆಂದರೆ ಮನಸ್ಸು ಅಷ್ಟು ಬೇಗ ಹೊರಳುವುದಿಲ್ಲ. ಟಿ-5 ಆದವರ ಕೈಗಳು ಪೂರ್ತಿ ಚೆನ್ನಾಗಿರುತ್ತವೆ, ಕ್ಯಾಥೆಟರನ್ನು ಅವರೇ ಹಾಕಿಕೊಳ್ಳಲು ಕಲಿಯಬಹುದು. ನಿಮ್ಮ ಪತ್ರದಲ್ಲಿ ‘ತೆಗೆಯುತ್ತೇವೆ’ ಎಂದಿರುವುದರಿಂದ ಇದನ್ನು ಹೇಳುತ್ತಿದ್ದೇನೆ. ಆರೈಕೆಯ ಆ ಭಾಗ ಅವರ ಕೈಗೇ ಹೋದರೆ ಇಬ್ಬರಿಗೂ ಹಗುರ.

ಆಸೆಯೇ ಕುಗ್ಗಿದ್ದರೆ ಅವರ ಔಷಧದ ಪಟ್ಟಿ ನೋಡಿ. ಸೆಳೆತಕ್ಕೆ ಕೊಡುವ ಬ್ಯಾಕ್ಲೊಫೆನ್ ಹೆಚ್ಚಿನ ಪ್ರಮಾಣದಲ್ಲಿ ನಿಮಿರುವಿಕೆಗೂ ಸ್ಖಲನಕ್ಕೂ ಅಡ್ಡಬರಬಹುದು. ಖಿನ್ನತೆಯ ಹಲವು ಔಷಧಗಳು ಸ್ಖಲನವನ್ನು ತಡಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಬ್ಯಾಕ್ಲೊಫೆನ್ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಈ ಪೆಟ್ಟಿನ ನಂತರ ಟೆಸ್ಟೊಸ್ಟೆರೋನ್ ಕಡಿಮೆಯಾಗುವುದೂ ಉಂಟು, ಬೆಳಗಿನ ಹೊತ್ತು ರಕ್ತ ಕೊಟ್ಟು ನೋಡಿಸಬಹುದು. ಆದರೆ ಒಂದು ಎಚ್ಚರಿಕೆ: ಮಗು ಬೇಕೆನ್ನುವವರು ಟೆಸ್ಟೊಸ್ಟೆರೋನ್ ಚುಚ್ಚುಮದ್ದು ತೆಗೆದುಕೊಳ್ಳಬಾರದು, ಅದು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸುತ್ತದೆ.

ಮಗು

ನಿಮಿರುವುದು ಬೇರೆ, ಸ್ಖಲನ ಬೇರೆ. ಸ್ಖಲನಕ್ಕೆ ಬೆನ್ನುಹುರಿಯ ಎರಡೂ ಭಾಗಗಳು ಮೆದುಳಿನ ಮೇಲ್ವಿಚಾರಣೆಯಲ್ಲಿ ಒಟ್ಟಿಗೆ ಕೆಲಸ ಮಾಡಬೇಕು. ಹಾಗಾಗಿ ಪೂರ್ಣ ಪೆಟ್ಟಾದ ಬಹುತೇಕ ಗಂಡಸರಲ್ಲಿ ಸಂಭೋಗದಿಂದ ಅದು ಆಗುವುದಿಲ್ಲ. ಆದರೆ ವೀರ್ಯಾಣುಗಳ ಉತ್ಪಾದನೆ ನಿಂತಿರುವುದಿಲ್ಲ. ಸಂಖ್ಯೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಚಲನೆ ಮಾತ್ರ ಕಡಿಮೆ. ವೀರ್ಯ ಕಂದುಬಣ್ಣಕ್ಕಿದ್ದರೂ ಈ ಪೆಟ್ಟಿನವರಲ್ಲಿ ಅದು ಸಾಮಾನ್ಯ. ಗುಣಮಟ್ಟ ಕುಸಿಯುವುದು ಪೆಟ್ಟಾದ ಮೊದಲ ಕೆಲವು ವಾರಗಳಲ್ಲೇ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುವುದಿಲ್ಲ. ಒಂದೂವರೆ ವರ್ಷ ಕಳೆಯಿತೆಂಬ ಅವಸರ ಬೇಡ.

ಟಿ-10ಕ್ಕಿಂತ ಮೇಲೆ ಪೆಟ್ಟಾದವರಿಗೆ ಮೊದಲ ದಾರಿ ವೈಬ್ರೇಟರ್. ಮಸಾಜಿಗೆ ಸಿಗುವ ಯಂತ್ರಗಳ ಬಲ ಇದಕ್ಕೆ ಹೆಚ್ಚಾಗಿ ಸಾಲುವುದಿಲ್ಲ. ಇದಕ್ಕೆಂದೇ ಇರುವ ಯಂತ್ರದ ತಲೆ 2.5 ಮಿ.ಮೀ. ಅಂತರದಲ್ಲಿ ಸೆಕೆಂಡಿಗೆ 100 ಸಲ ಅದುರುತ್ತದೆ. ಮೂತ್ರ ಖಾಲಿ ಮಾಡಿ, ಬಿ.ಪಿ. ಯಂತ್ರ ಕಟ್ಟಿ, ವೈಬ್ರೇಟರಿನ ತಲೆಯನ್ನು ಶಿಶ್ನದ ತುದಿಯ ಕೆಳಬದಿಯಲ್ಲಿ, ಮುಂದೊಗಲು ಅಂಟಿಕೊಳ್ಳುವ ಜಾಗಕ್ಕೆ, ಒತ್ತದೆ ತಾಗಿಸಿ ಹಿಡಿಯಬೇಕು. ಮೂರು ನಿಮಿಷ ಹಿಡಿದು, ಒಂದು ನಿಮಿಷ ಬಿಟ್ಟು, ಮತ್ತೆ ಮೂರು ನಿಮಿಷ, ಹೀಗೆ ಕೆಲವು ಸುತ್ತು. ನಿಮಿರಿರಲೇಬೇಕೆಂದಿಲ್ಲ. ಹೊಟ್ಟೆಯ ಸ್ನಾಯು ಬಿಗಿದು, ಕಾಲುಗಳು ಸೆಟೆದು, ಮೈ ಜುಮ್ಮೆಂದು ರೋಮ ಎದ್ದರೆ ಸ್ಖಲನ ಹತ್ತಿರವಿದೆ. ಆದ ತಕ್ಷಣ ಯಂತ್ರ ತೆಗೆಯಿರಿ, ಬಿ.ಪಿ. ಅತಿ ಹೆಚ್ಚು ಏರುವುದು ಆ ಕ್ಷಣದಲ್ಲೇ. ಆದ್ದರಿಂದ ಮೊದಲ ಪ್ರಯೋಗ ಕಡ್ಡಾಯವಾಗಿ ಆಸ್ಪತ್ರೆಯಲ್ಲಿ, ಬಿ.ಪಿ. ಇಳಿಸುವ ಔಷಧ ಕೈಗೆಟಕುವಂತಿಟ್ಟುಕೊಂಡೇ ಆಗಬೇಕು. ಅಲ್ಲಿ ಸುರಕ್ಷಿತವೆಂದು ಗೊತ್ತಾದ ಮೇಲೆ ಮನೆಯಲ್ಲಿ ಮಾಡಬಹುದು. ಚರ್ಮ ಕೆಂಪಾಗಿ ಊದಿಕೊಂಡಿದ್ದರೆ ಅದು ಮಾಯುವವರೆಗೆ ಬಿಡುವು ಕೊಡಿ. ಸ್ಖಲನದ ನಂತರ ಕೆಲವು ಗಂಟೆ ಕಾಲಿನ ಸೆಳೆತ ತಗ್ಗುವುದು ಹಲವರಿಗೆ ಸಿಗುವ ಲಾಭ.

ಸ್ಖಲನದ ಲಕ್ಷಣಗಳೆಲ್ಲ ಕಂಡರೂ ವೀರ್ಯ ಹೊರಬರದಿದ್ದರೆ ಅದು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಿರಬಹುದು. ಕ್ಯಾಥೆಟರ್ ಹಾಕಿ ಮೂತ್ರ ತೆಗೆದು ಪರೀಕ್ಷಿಸಿದರೆ ಗೊತ್ತಾಗುತ್ತದೆ, ಅದರಿಂದಲೂ ವೀರ್ಯಾಣು ಬೇರ್ಪಡಿಸಲು ಬರುತ್ತದೆ. ವೈಬ್ರೇಟರಿಗೆ ಆಗದವರಿಗೆ ಗುದದ ಮೂಲಕ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಕ್ರಮವಿದೆ, ಇದು ಆಸ್ಪತ್ರೆಯಲ್ಲೇ. ವೃಷಣಕ್ಕೆ ಸೂಜಿ ಹಾಕಿ ತೆಗೆಯುವುದು ಇವೆರಡರ ನಂತರದ್ದು. ಕೆಲವು ಕಡೆ ನೇರವಾಗಿ ಸೂಜಿಗೇ ಇಳಿದುಬಿಡುತ್ತಾರೆ. ಸೂಜಿಯಿಂದ ಸಿಗುವ ವೀರ್ಯಾಣು ಬಹಳ ಕಡಿಮೆ, ಅದಕ್ಕೆ ಪ್ರಯೋಗಾಲಯದ ದುಬಾರಿ ದಾರಿಯೊಂದೇ ಉಳಿಯುತ್ತದೆ. ಸರಳವಾದುದನ್ನು ಮೊದಲು ನೋಡಿ ಎಂದು ಒತ್ತಾಯಿಸುವ ಹಕ್ಕು ನಿಮಗಿದೆ.

ವೀರ್ಯ ಪರೀಕ್ಷೆಯಲ್ಲಿ ಚಲಿಸುವ ವೀರ್ಯಾಣುಗಳು ಸಾಕಷ್ಟಿದ್ದು, ನಿಮ್ಮ ಗರ್ಭನಾಳಗಳು ಸರಿಯಿದ್ದರೆ, ಮನೆಯಲ್ಲೇ ಪ್ರಯತ್ನಿಸಬಹುದು. ಅಗಲ ಬಾಯಿಯ ಶುಭ್ರವಾದ ಡಬ್ಬಿಯಲ್ಲಿ ಸಂಗ್ರಹಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಗುಳ್ಳೆ ಬರದಂತೆ ಎಳೆದುಕೊಂಡು, ಮಲಗಿ ಯೋನಿಯೊಳಗೆ ಆಳಕ್ಕೆ ನಿಧಾನವಾಗಿ ಬಿಡುವುದು. ಕಾಂಡೋಮ್‌ನಲ್ಲಿ ಸಂಗ್ರಹಿಸಬೇಡಿ, ಜೆಲ್ಲಿ, ಎಂಜಲು ತಾಗಿಸಬೇಡಿ, ವೀರ್ಯಾಣುಗಳಿಗೆ ಹಾನಿ. ದಿನ ಗೊತ್ತುಮಾಡಲು ಅಂಡೋತ್ಪತ್ತಿ ತಿಳಿಸುವ ಮೂತ್ರಪರೀಕ್ಷೆಯ ಪಟ್ಟಿ ಬಳಸಿ. ಎರಡು ಗೆರೆ ಸರಿಸಮ ಗಾಢವಾದ ದಿನ ಮತ್ತು ಮರುದಿನ ಸೂಕ್ತ. ಚಲನೆ ತೀರಾ ಕಡಿಮೆಯಿದ್ದರೆ ತೊಳೆದ ವೀರ್ಯವನ್ನು ಗರ್ಭಕೋಶಕ್ಕೇ ಬಿಡುವುದು, ಅದೂ ಆಗದಿದ್ದರೆ ಒಂದು ಅಂಡಕ್ಕೆ ಒಂದು ವೀರ್ಯಾಣುವನ್ನು ಸೇರಿಸುವ ಇಕ್ಸಿ. ಈ ಎಲ್ಲಕ್ಕೂ ಮೊದಲು ಅವರಿಗೆ ಮೂತ್ರದ ಸೋಂಕಿದ್ದರೆ ಗುಣಪಡಿಸಿಕೊಳ್ಳಿ. ನೀವು ಈಗಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಶುರುಮಾಡಿ.

ಪೆಟ್ಟಾದವರು ಹೆಂಗಸರಾಗಿದ್ದರೆ

ಇದನ್ನು ಓದುವವರಲ್ಲಿ ಅಂಥವರೂ ಇರುತ್ತಾರೆ. ಪೆಟ್ಟಾದ ಮೊದಲ ಕೆಲವು ತಿಂಗಳು ಮುಟ್ಟು ನಿಲ್ಲಬಹುದು, ಮತ್ತೆ ಬರುತ್ತದೆ. ಗರ್ಭ ಧರಿಸುವ ಶಕ್ತಿ ಮೊದಲಿನಂತೆಯೇ ಇರುತ್ತದೆ. ಮುಟ್ಟು ಮರಳುವ ಮೊದಲೇ ಅಂಡ ಬಿಡುಗಡೆಯಾಗುವುದರಿಂದ ಬೇಡದ ಗರ್ಭವೂ ನಿಲ್ಲಬಹುದು. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ, ಓಡಾಟವಿಲ್ಲದವರಿಗೆ ಅದು ಎರಡು ಪಟ್ಟು ಚಿಂತೆ. ಯೋನಿಯ ಒದ್ದೆತನಕ್ಕೂ ಮೇಲೆ ಹೇಳಿದ ಎರಡು ದಾರಿಗಳ ಲೆಕ್ಕವೇ ಅನ್ವಯ, ಸಾಲದಿದ್ದರೆ ಜೆಲ್ಲಿ. ಟಿ-10ಕ್ಕಿಂತ ಮೇಲೆ ಪೂರ್ಣ ಪೆಟ್ಟಾದವರಿಗೆ ಹೆರಿಗೆನೋವು ತಿಳಿಯದೇ ಹೋಗಬಹುದು. ಸೆಳೆತ ಹೆಚ್ಚುವುದು, ಬೆವರು, ಹೊಟ್ಟೆ ಗಟ್ಟಿಯಾಗಿ ಸಡಿಲವಾಗುವುದು ಇವೇ ಸೂಚನೆ. ಟಿ-6 ಮತ್ತು ಮೇಲಿನವರಲ್ಲಿ ಹೆರಿಗೆ ನಡೆಯುವಾಗ ಬಿ.ಪಿ. ಜಿಗಿಯುತ್ತದೆ. ಇದನ್ನು ಗರ್ಭಿಣಿಯರ ಬಿ.ಪಿ. ಕಾಯಿಲೆಯೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ. ಗರ್ಭಕೋಶ ಬಿಗಿದಾಗ ಏರಿ, ಸಡಿಲವಾದಾಗ ಇಳಿದರೆ ಅದು ಡಿಸ್‌ರಿಫ್ಲೆಕ್ಸಿಯಾದ ಕಡೆ ಬೆರಳು ತೋರಿಸುತ್ತದೆ. ನೋವು ತಿಳಿಯದಿದ್ದರೂ ಇಂಥವರಿಗೆ ಎಪಿಡ್ಯೂರಲ್ ಅರಿವಳಿಕೆ ಬೇಕಾಗುತ್ತದೆ, ಉದ್ದೇಶ ಬಿ.ಪಿ. ಹಿಡಿತಕ್ಕೆ ತರುವುದು.

ಯಾರ ಬಳಿ ಹೋಗಬೇಕು

ಮೊದಲು ಪುನರ್ವಸತಿ ವೈದ್ಯರು, ಅಂದರೆ ಪಿಎಂಆರ್ ವಿಭಾಗದವರು. ತಲೆನೋವಿನ ವಿಷಯ, ಮಾತ್ರೆಯ ವಿಷಯ ಎರಡನ್ನೂ ಅವರಲ್ಲೇ ಮಾತಾಡಿ. ಬೆನ್ನಿಗೆ ರಾಡು, ಸ್ಕ್ರೂ ಹಾಕಿದ್ದರೆ ಮೂಳೆ ಗಟ್ಟಿಯಾಗಿ ಕೂಡಿದೆಯೇ, ಭಂಗಿಗಳಲ್ಲಿ ನಿರ್ಬಂಧವಿದೆಯೇ ಎಂದೂ ಕೇಳಿ. ವೀರ್ಯ ಸಂಗ್ರಹಕ್ಕೆ ಯುರಾಲಜಿಸ್ಟ್ (ಮೂತ್ರರೋಗ ತಜ್ಞರು) ಅಥವಾ ಆಂಡ್ರಾಲಜಿಸ್ಟ್ (ಗಂಡಸರ ಲೈಂಗಿಕ, ಸಂತಾನ ಸಮಸ್ಯೆಗಳ ತಜ್ಞರು), ನಿಮಗೆ ಸ್ತ್ರೀರೋಗ ತಜ್ಞರು. ಹೋಗುವಾಗ ಬಿ.ಪಿ. ಬರೆದ ಚೀಟಿ, ಎಲ್ಲ ಔಷಧಗಳ ಪಟ್ಟಿ, ಮೂತ್ರ ಪರೀಕ್ಷೆಯ ಇತ್ತೀಚಿನ ವರದಿ, ‘ಟಿ-5, ಎ’ ಎಂದಿರುವ ಆ ಕಾಗದ ಜೊತೆಗಿರಲಿ. ಬಂಜೆತನ ಚಿಕಿತ್ಸಾ ಕೇಂದ್ರಕ್ಕೆ ಹೊರಡುವ ಮೊದಲು ಫೋನು ಮಾಡಿ ಎರಡೇ ಪ್ರಶ್ನೆ ಕೇಳಿ: ಬೆನ್ನುಹುರಿ ಪೆಟ್ಟಾದವರಿಗೆ ವೈಬ್ರೇಟರ್ ಪ್ರಯೋಗ ನಿಮ್ಮಲ್ಲಿ ಮಾಡುತ್ತೀರಾ? ಮಾಡುವಾಗ ಬಿ.ಪಿ. ನೋಡುತ್ತಿರುತ್ತೀರಾ? ಎರಡಕ್ಕೂ ಹೌದು ಎನ್ನುವ ಕಡೆ ಹೋಗಿ.